ಸಿಹಿ ಉಳಿಯಿತು, ಕಹಿ ಎಲ್ಲಿಗೆ ಹೋಯಿತು ಸ್ವಾಮಿ?

ಓದುಗ ಮಿತ್ರರೇ, ಒಂದು ದಿನ ರಾತ್ರಿ ಎಂಟು ಗಂಟೆಗೆ ಹಲಸೂರಿಗೆ ಬನ್ನಿ. ಸೋಮೇಶ್ವರನಿಗೆ ಕೈ ಮುಗಿದು, ಗುಡಿಯ ಆಚೀಚೆ ಇರುವ ಯಾವುದಾದರೂ ಓಣಿಯೊಳಗೆ ನುಗ್ಗಿ. ಮಾತಾಡಬೇಡಿ, ಬರೀ ಕಿವಿ ಕೊಟ್ಟು ನಡೆಯಿರಿ. ಮೊದಲನೆಯ ಮನೆಯಲ್ಲಿ ತಮಿಳು ಧಾರಾವಾಹಿಯ ಅಳು. ಎರಡನೆಯದರಲ್ಲಿ ಹಿಂದಿಯ ಕಿರುಚಾಟ. ಮೇಲ್ಮಹಡಿಯ ಬಾಡಿಗೆ ಹುಡುಗರ ರೂಮಿನಿಂದ ಇಂಗ್ಲಿಷ್ ನಗು. ನೂರು ಜನ ಹಿಂದೆ ಕೂತು ಒಟ್ಟಿಗೆ ನಕ್ಕಂತೆ ಕೇಳಿಸುತ್ತದಲ್ಲ, ಆ ಡಬ್ಬಿ ನಗು. ನಾಲ್ಕನೆಯ ಮನೆಯಲ್ಲಿ ಅಂತೂ ಕನ್ನಡ! ಸ್ವಲ್ಪ ನಿಲ್ಲಿ. ಅರಮನೆಯಂಥ ಮನೆ, ಮಲಗುವಾಗಲೂ ರೇಷ್ಮೆ ಸೀರೆ ಬಿಚ್ಚದ ಸೊಸೆ, ಹಾಲಿನ ಲೋಟಕ್ಕೆ ಏನೋ ಬೆರೆಸುತ್ತಿರುವ ಅತ್ತೆ, ಮೂರು ಸಲ ಗುಡುಗು, ಮೂರು ಸಲ ಎಲ್ಲರ ಮುಖ. ಆಮೇಲೆ ಸೋಪಿನ ಜಾಹೀರಾತು.

ಐದನೆಯ ಮನೆಯಲ್ಲಿ ಟೀವಿ ಆಫ್ ಆಗಿದೆ. ಅಲ್ಲಿ ನಿಜವಾದ ಜಗಳ ನಡೆಯುತ್ತಿದೆ.

"ಇ-ಖಾತಾ ನಿನ್ ಹೆಸರಿಗ್ ಮಾಡ್ಸಿಕೊಟ್ಟು ನಾನೆಲ್ಲಿಗೋ ಹೋಗ್ಲಿ, ಕಲ್ಪಳ್ಳಿಗಾ?" ಎನ್ನುತ್ತಾನೆ ಅಪ್ಪ. ಕಲ್ಪಳ್ಳಿ ಎಂದರೆ ಈ ಕಡೆಯವರ ಸುಡುಗಾಡು. ಒಳಗಿನಿಂದ ಅಮ್ಮನ ದನಿ ಬರುತ್ತದೆ: "ಹೋಗೋದಾದ್ರೆ ಈ ತಿಂಗಳ ಚೀಟಿ ದುಡ್ಡು ಕಟ್ಟಿ ಹೋಗ್ರೀ." ಮಗ ನಗು ತಡೆಯಲಾರದೆ ಹೊರಗೆ ಬಂದು ಬೀಡಿ ಹಚ್ಚುತ್ತಾನೆ. ಅಪ್ಪನಿಗೆ ಇನ್ನೂ ಸಿಟ್ಟು ಏರಿ ತಮಿಳಿಗೆ ಇಳಿಯುತ್ತಾನೆ. ಕೋಲಾರದ ಕಡೆಯ ಅಮ್ಮ ಕನ್ನಡ ಬಿಡುವುದಿಲ್ಲ.

ನಾನು ಆ ಮನೆಗೆ ಹೋಗಿ ಬರುವವನು. ಸತ್ಯ ಹೇಳುತ್ತೇನೆ, ನಾಲ್ಕು ಟೀವಿಗಳಲ್ಲಿ ಬರುತ್ತಿದ್ದ ಯಾವ ಧಾರಾವಾಹಿಯೂ ಈ ಐದನೆಯ ಮನೆಯ ಮುಂದೆ ನಿಲ್ಲಲಾರದು. ಸಾವು ಇದೆ, ಸಾಲ ಇದೆ, ದ್ವೇಷ ಇದೆ, ಹೊಟ್ಟೆ ಹುಣ್ಣಾಗುವಷ್ಟು ನಗುವೂ ಇದೆ. ಇದನ್ನು ತೋರಿಸುವ ಕನ್ನಡ ಧಾರಾವಾಹಿ ಯಾವುದು? ಹೇಳಿ ಸ್ವಾಮಿ, ಯಾವುದು?

ಮನೆಯೊಳಗಿನ ಕೊಳೆತವನ್ನು ನಗುನಗುತ್ತಲೇ ಬಯಲಿಗೆಳೆಯುವ ಧಾರಾವಾಹಿ ಬೇರೆ ದೇಶಗಳಲ್ಲಿ ಹಳೆಯ ಸಂಗತಿ. 1962ರಲ್ಲಿ ಲಂಡನ್ನಿನ ಬಿಬಿಸಿ 'ಸ್ಟೆಪ್‌ಟೋ ಅಂಡ್ ಸನ್' ಎಂಬುದನ್ನು ಆರಂಭಿಸಿತು. ಬರೆದವರು ಗಾಲ್ಟನ್ ಮತ್ತು ಸಿಂಪ್ಸನ್ ಎಂಬ ಜೋಡಿ. ಕಥೆ ಯಾರದು ಗೊತ್ತೇ? ರಾಜನದಲ್ಲ, ಕೋಟ್ಯಧಿಪತಿಯದಲ್ಲ. ಕುದುರೆ ಗಾಡಿಯಲ್ಲಿ ಬೀದಿ ಬೀದಿ ಸುತ್ತಿ ಚಿಂದಿ, ಹಳೆ ಕಬ್ಬಿಣ ಕೊಳ್ಳುವ ಗುಜರಿಯ ಅಪ್ಪ ಮತ್ತು ಮಗ. ಮಗನಿಗೆ ಮನೆ ಬಿಟ್ಟು ಓಡಬೇಕು, ದೊಡ್ಡ ಮನುಷ್ಯನಾಗಬೇಕು. ಕೊಳಕು ಮುದುಕನಾದ ಅಪ್ಪ ಕಾಯಿಲೆ ನಟಿಸಿ, ಅತ್ತು, ಸುಳ್ಳು ಹೇಳಿ ಪ್ರತಿ ಸಲವೂ ಅವನನ್ನು ಕಟ್ಟಿಹಾಕುತ್ತಾನೆ. ಅಷ್ಟೇ ಕಥೆ. ಆದರೆ 1964ರ ಚುನಾವಣೆಯಲ್ಲಿ ಲೇಬರ್ ಪಕ್ಷದ ನಾಯಕ ಹೆರಾಲ್ಡ್ ವಿಲ್ಸನ್, ಮತದಾನದ ಸಂಜೆ ಇದು ಪ್ರಸಾರವಾದರೆ ಕೂಲಿ ಜನ ಟೀವಿ ಬಿಟ್ಟು ಮತಗಟ್ಟೆಗೆ ಬರುವುದಿಲ್ಲವೆಂದು ಹೆದರಿ, ಅದನ್ನು ತಡವಾಗಿ ಹಾಕಿ ಎಂದು ಬಿಬಿಸಿಯವರನ್ನು ಕೇಳಿಕೊಂಡರು. ಅವರೂ ಒಪ್ಪಿದರು. ಗುಜರಿಯವನ ಮನೆ ಜಗಳಕ್ಕೆ ಒಂದು ದೇಶದ ಚುನಾವಣೆ ಹೆದರಿತು!

ಅಮೆರಿಕದವರು ಅದನ್ನು ಎತ್ತಿಕೊಂಡು 1972ರಲ್ಲಿ ಕರಿಯರ ಮನೆಗೆ ಹೊಂದಿಸಿ 'ಸ್ಯಾನ್‌ಫರ್ಡ್ ಅಂಡ್ ಸನ್' ಮಾಡಿದರು. ಸ್ವೀಡನ್ನಿನವರು, ಡಚ್ಚರು ತಮ್ಮ ತಮ್ಮ ಭಾಷೆಯ ಗುಜರಿಗೆ ಇಳಿಸಿಕೊಂಡರು.

ನಮಗೆ ಗುಜರಿಗೆ ಬರವೇ? ಶಿವಾಜಿನಗರದಲ್ಲಿ ಹಳೆ ಮೋಟಾರಿನ ಬಿಡಿಭಾಗ ಬಿಚ್ಚಿ ಮಾರುವ ಅಂಗಡಿಗಳ ಸಾಲಿಗೆ ಹೋಗಿ ನೋಡಿ. ಒಂದೊಂದು ಅಂಗಡಿಯಲ್ಲೂ ಒಬ್ಬ ಅಪ್ಪ, ಒಬ್ಬ ಮಗ. ಮಗನಿಗೆ ದುಬೈಗೆ ಹೋಗಬೇಕು. ಅಪ್ಪನಿಗೆ ಗಲ್ಲಾಪೆಟ್ಟಿಗೆಯ ಬೀಗದ ಕೈ ಬಿಡಲು ಮನಸ್ಸಿಲ್ಲ. ಅವರು ಮನೆಯಲ್ಲಿ ದಖನಿ ಉರ್ದು ಆಡುತ್ತಾರೆ, ಗಿರಾಕಿಯ ಜೊತೆ ಕನ್ನಡ, ಎದುರು ಅಂಗಡಿಯವನ ಜೊತೆ ತಮಿಳು. ಲಂಡನ್ನಿನವರಿಗೆ ಒಂದು ಭಾಷೆಯಲ್ಲಿ ಸಿಕ್ಕಿದ ಸರಕು ನಮಗೆ ಮೂರು ಭಾಷೆಯಲ್ಲಿ ಬಿದ್ದಿದೆ. ಎತ್ತಿಕೊಳ್ಳುವ ಕೈ ಇಲ್ಲ.

'ಕನ್ನಡದ ಸಂಸ್ಕೃತಿಗೆ ಇಂಥ ಕಹಿ ಹಾಸ್ಯ ಒಗ್ಗುವುದಿಲ್ಲ, ನಮ್ಮದು ಸಂಪ್ರದಾಯಸ್ಥ ಪ್ರೇಕ್ಷಕ ವರ್ಗ' ಎಂದು ಚಾನೆಲ್ಲಿನ ಮಹಾನುಭಾವರು ಹೇಳಬಹುದು. ಇದು ಶುದ್ಧ ಅಜ್ಞಾನ. ಇಂಥವರು ಟಿ.ಪಿ. ಕೈಲಾಸಂ ಹೆಸರು ಕೇಳಿದ್ದಾರೆಯೇ? 1884ರಲ್ಲಿ ಹುಟ್ಟಿ 1946ರಲ್ಲಿ ತೀರಿಕೊಂಡ ಆ ಪುಣ್ಯಾತ್ಮ ಮಾಡಿದ್ದೇ ಇದನ್ನು. 'ಟೊಳ್ಳುಗಟ್ಟಿ'ಯಲ್ಲಿ ಪರೀಕ್ಷೆ ಪಾಸು ಮಾಡುವ ಪುಟ್ಟು, ಫೇಲಾಗುವ ಮಾಧು. ಅಪ್ಪನಿಗೆ ಪಾಸಾದವನೇ ದೇವರು. ಮನೆಗೆ ಕಷ್ಟ ಬಂದ ದಿನ ಯಾರು ಟೊಳ್ಳು, ಯಾರು ಗಟ್ಟಿ ಎಂದು ತಿಳಿಯುತ್ತದೆ. ನೂರು ವರ್ಷ ಕಳೆದಿದೆ, ಇಂದಿರಾನಗರದ ಯಾವ ಅಪಾರ್ಟ್‌ಮೆಂಟಿನಲ್ಲಿ ಆ ಪುಟ್ಟು ಇಲ್ಲ? ಆ ಅಪ್ಪ ಇಲ್ಲ? 'ಅಮ್ಮಾವ್ರ ಗಂಡ' ಎಂಬ ಹೆಸರಲ್ಲೇ ಅರ್ಧ ನಾಟಕ ಮುಗಿದಿದೆ. ಜಿ.ಪಿ. ರಾಜರತ್ನಂ 1930ರ ದಶಕದಲ್ಲೇ ಹೆಂಡಕುಡುಕ ರತ್ನನನ್ನೂ ಅವನ ಹೆಂಡತಿ ನಂಜಿಯನ್ನೂ ಕನ್ನಡಕ್ಕೆ ತಂದಿಟ್ಟರು. ಕುಡುಕನ ಸಂಸಾರವನ್ನು ನಗುತ್ತ ಅಳುತ್ತ ಹೇಳಲು ಕನ್ನಡಕ್ಕೆ ಬರುವುದಿಲ್ಲವೇ?

ಇನ್ನೊಂದು ವಿಷಯ. ಕೈಲಾಸಂ ಮನೆಮಾತು ತಮಿಳು. ರಾಜರತ್ನಂ ಮನೆಮಾತು ತಮಿಳು. ಮಾಸ್ತಿಯವರದೂ ತಮಿಳು. ಒಳಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು ಭಾಷೆ ಇಟ್ಟುಕೊಂಡವನ ಕಿವಿ ಚುರುಕಾಗಿರುತ್ತದೆ. ದಂಡು ಪ್ರದೇಶದ ಮಗುವಿಗೆ ಅಂಥ ಕಿವಿ ಹುಟ್ಟಿನಿಂದಲೇ ಬರುತ್ತದೆ. ಇದನ್ನು ನಮ್ಮ ಕೆಲವು ಚಳವಳಿಗಾರ ಮಿತ್ರರು ಓದಿ ಹುಬ್ಬು ಗಂಟಿಕ್ಕಬಹುದು. ಗಂಟಿಕ್ಕಲಿ.

ಟೀವಿಯಲ್ಲೂ ನಾವು ಏನೂ ಮಾಡಿಲ್ಲವೆಂದಲ್ಲ. ದೂರದರ್ಶನದ ಕಾಲದಲ್ಲಿ 'ಸಿಹಿ ಕಹಿ' ಬಂತು. ಚಂದ್ರು, ಗೀತಾ ದಂಪತಿಗಳ ಹೆಸರಿನ ಮುಂದೆ ಇವತ್ತಿಗೂ ಆ ಧಾರಾವಾಹಿಯ ಹೆಸರು ಅಂಟಿಕೊಂಡಿದೆ ಎಂದರೆ ಜನ ಅದನ್ನು ಎಷ್ಟು ಹಚ್ಚಿಕೊಂಡಿದ್ದರು ನೋಡಿ. 'ಕ್ರೇಜಿ ಕರ್ನಲ್'ನಲ್ಲಿ ರಮೇಶ್ ಭಟ್ ಕರ್ನಲ್ ಆಗಿ ಮನೆಮಂದಿಯನ್ನೆಲ್ಲ ನಗಿಸಿದರು. ಆಮೇಲೆ ಈಟೀವಿಯಲ್ಲಿ ಅದೇ ಚಂದ್ರು ಅವರ 'ಪಾಪ ಪಾಂಡು'. ಅದನ್ನೇ ಸ್ವಲ್ಪ ಯೋಚಿಸಿ ನೋಡಿ. ಹೆಂಡತಿ ಶ್ರೀಮತಿ ಗಂಡ ಪಾಂಡುವನ್ನು ದಿನಾ ಹೊಡೆಯುತ್ತಾಳೆ, ಅವನು ದಿನಾ ಹೊಡೆಸಿಕೊಳ್ಳುತ್ತಾನೆ. ಶಾಲಿನಿ ಮತ್ತು ಚಿದಾನಂದ್ ಅದನ್ನು ಮಾಡುವಾಗ ನಾವೆಲ್ಲ ಉರುಳಾಡಿ ನಕ್ಕೆವು. ಆದರೆ ಒಳಗೆ ಇದ್ದದ್ದು ಭಯಂಕರ ಕಹಿ. ಒಂದೇ ಒಂದು ಹೆಜ್ಜೆ ಮುಂದೆ ಇಟ್ಟಿದ್ದರೆ, ಈ ಮನೆಯಲ್ಲಿ ಇವರಿಬ್ಬರೂ ಏಕೆ ಹೀಗಾದರು ಎಂದು ಒಂದು ಸಂಚಿಕೆಯಲ್ಲಿ ಕೇಳಿದ್ದರೆ, ಕನ್ನಡಕ್ಕೆ ತನ್ನದೇ ಒಂದು ಸ್ಟೆಪ್‌ಟೋ ಸಿಗುತ್ತಿತ್ತು. ಕೇಳಲಿಲ್ಲ. ಲಟ್ಟಣಿಗೆ ಏಟು, ಪಾತ್ರೆ ಸದ್ದು, ಮತ್ತೆ ನಾಳೆ. 2018ರಲ್ಲಿ ಅದೇ ಹೆಸರು ಕಲರ್ಸ್ ಸೂಪರ್‌ನಲ್ಲಿ ವಾಪಸು ಬಂದಾಗಲೂ ಅದೇ ಏಟು, ಅದೇ ಸದ್ದು.

2013ರಲ್ಲಿ ವಿವೇಕ ಶಾನಭಾಗರು 'ಘಾಚರ್ ಘೋಚರ್' ಬರೆದರು. ಬೆಂಗಳೂರಿನ ಒಂದು ಸಂಸಾರ. ಚಿಕ್ಕಪ್ಪನ ಸೋನಾ ಮಸಾಲಾ ಕಂಪನಿಯ ದುಡ್ಡಿನಲ್ಲಿ ಬಡತನದಿಂದ ಮೇಲೆದ್ದ ಮನೆ. ದುಡ್ಡು ಬಂದಂತೆ ಒಬ್ಬೊಬ್ಬರ ಹಲ್ಲೂ ಹೇಗೆ ಚೂಪಾಗುತ್ತದೆ ಎಂಬುದನ್ನು ಓದುತ್ತ ಮೊದಲು ನಗು ಬರುತ್ತದೆ, ಆಮೇಲೆ ಬೆನ್ನಹುರಿಯಲ್ಲಿ ಚಳಿ. ಇಂಗ್ಲಿಷಿಗೆ ಹೋದ ಮೇಲೆ ಲೋಕವೆಲ್ಲ ಅದನ್ನು ಹೊಗಳಿತು. ಕನ್ನಡದ ಪುಟ್ಟ ಪುಸ್ತಕ ಅದು ಸ್ವಾಮಿ, ಕನ್ನಡದ್ದು! ನಮ್ಮ ಕಿರುತೆರೆಯ ಅರಮನೆ ಸೊಸೆಯರು ಅದರ ಹತ್ತಿರಕ್ಕೂ ಸುಳಿಯುವುದಿಲ್ಲ.

ಏಕೆ? ಈ ಚಾನೆಲ್ಲುಗಳು ಯಾರವು, ಒಮ್ಮೆ ಲೆಕ್ಕ ಹಾಕಿ. 1994ರಲ್ಲಿ ಶುರುವಾದ ಉದಯ ಚೆನ್ನೈನ ಸನ್ ಗುಂಪಿನದು. 2000ದಲ್ಲಿ ಈಟೀವಿ ಕನ್ನಡ ತಂದವರು ಹೈದರಾಬಾದಿನ ರಾಮೋಜಿ ರಾವ್, ಅದು 2015ರಲ್ಲಿ ಕಲರ್ಸ್ ಕನ್ನಡವಾಯಿತು. ಝೀ ಮುಂಬೈನದು. ಸುವರ್ಣ ಸ್ಟಾರ್ ಪಾಲಾಯಿತು. 2024ರ ನವೆಂಬರಿನಲ್ಲಿ ರಿಲಯನ್ಸ್ ಮತ್ತು ಡಿಸ್ನಿ ಒಂದಾದ ಮೇಲೆ ಕಲರ್ಸ್ ಕನ್ನಡವೂ ಸ್ಟಾರ್ ಸುವರ್ಣವೂ ಒಂದೇ ಮನೆಯ ಮಕ್ಕಳಾದವು. ಎದುರುಬದುರು ಸ್ಪರ್ಧಿಸುತ್ತಿದ್ದ ಎರಡು ಕನ್ನಡ ಚಾನೆಲ್ಲುಗಳಿಗೆ ಈಗ ಒಬ್ಬನೇ ಯಜಮಾನ! ಕನ್ನಡದ ಮನೆಯೊಳಗೆ ಏನು ನಡೆಯಬೇಕೆಂದು ಕೊನೆಗೆ ತೀರ್ಮಾನವಾಗುವುದು ಮುಂಬೈಯ, ಚೆನ್ನೈಯ ಕೋಣೆಗಳಲ್ಲಿ.

ಅಲ್ಲಿನ ಯಜಮಾನನಿಗೆ ಹಲಸೂರು ಗೊತ್ತಿಲ್ಲ. ಅವನಿಗೆ ಗೊತ್ತಿರುವುದು ಬೇರೆ ಭಾಷೆಯಲ್ಲಿ ಗೆದ್ದ ಕಥೆ. ಮರಾಠಿಯ 'ತುಲಾ ಪಾಹತೇ ರೇ' 2019ರಲ್ಲಿ ಇಲ್ಲಿ 'ಜೊತೆಜೊತೆಯಲಿ' ಆಯಿತು. ತೆಲುಗಿನ ರಾಧಮ್ಮ 2021ರಲ್ಲಿ 'ಪುಟ್ಟಕ್ಕನ ಮಕ್ಕಳು' ಆದಳು. ಹಿಂದಿಯ 'ಬಡೇ ಅಚ್ಛೇ ಲಗ್‌ತೇ ಹೈಂ' 2023ರಲ್ಲಿ 'ಅಮೃತಧಾರೆ' ಆಗಿ ಬಂತು. ಉಮಾಶ್ರೀ ಅಂಥ ನಟಿ ಇದ್ದರೆ ಎರವಲು ಕಥೆಯೂ ಜೀವ ಪಡೆಯುತ್ತದೆ, ಅಲ್ಲಗಳೆಯುವುದಿಲ್ಲ. ಆದರೆ ಎರವಲು ಮನೆಯಲ್ಲಿ ನಮ್ಮ ಜಗಳ ನಡೆಯುವುದು ಹೇಗೆ?

ಹಳೆಯ ಕಥೆಯೇ ಇದು. 1986ರಲ್ಲಿ ನಮ್ಮ ಶಂಕರ್‌ನಾಗ್ ಆಗುಂಬೆಗೆ ಹೋಗಿ 'ಮಾಲ್ಗುಡಿ ಡೇಸ್' ಮಾಡಿದರು. ಊರು ನಮ್ಮದು, ಮನೆ ನಮ್ಮದು, ಮಾಸ್ಟರ್ ಮಂಜುನಾಥ್, ಅನಂತ್‌ನಾಗ್, ಗಿರೀಶ ಕಾರ್ನಾಡ್, ವೈಶಾಲಿ ಕಾಸರವಳ್ಳಿ ಎಲ್ಲ ನಮ್ಮವರು. ತಯಾರಾದದ್ದು ಹಿಂದಿ, ಇಂಗ್ಲಿಷ್‌ಗಳಲ್ಲಿ. ಅದಕ್ಕೆ ಎರಡು ವರ್ಷ ಮುಂಚೆ 'ಹಮ್ ಲೋಗ್' ಬಂದಾಗ ಅದರ ಕುಡುಕ ಅಪ್ಪನನ್ನು ನೋಡಲು ಬೆಂಗಳೂರಿನ ಮನೆಮನೆಗಳೂ ಹಿಂದಿ ಕಲಿತವು. ಕುಡುಕ ಅಪ್ಪಂದಿರು ಇಲ್ಲಿ ಇರಲಿಲ್ಲವೇ? ಧಾರಾಳವಾಗಿದ್ದರು. ಅವರಿಗೆ ಟೀವಿ ಇರಲಿಲ್ಲ, ಅಷ್ಟೆ.

ಈಗ ನಮ್ಮ ತಪ್ಪಿಗೆ ಬರೋಣ. ಬರಲೇಬೇಕು.

ದಂಡು ಪ್ರದೇಶ ನಮಗೆ ಎಂದೂ ಪೂರ್ತಿ ಸಿಗಲಿಲ್ಲ. 1809ರಲ್ಲಿ ಬ್ರಿಟಿಷರು ಇಲ್ಲಿ ಸೇನೆ ತಂದಿಟ್ಟರು. 1881ರಲ್ಲಿ ಮೈಸೂರನ್ನು ಒಡೆಯರಿಗೆ ಮರಳಿಸಿದಾಗಲೂ ಈ ಭಾಗವನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡರು. 1947ರಲ್ಲಿ ಮರಳಿ ಬಂತು, 1949ರಲ್ಲಿ ಪೇಟೆಯ ಜೊತೆ ಒಂದೇ ಕಾರ್ಪೊರೇಷನ್ ಆಯಿತು. ನೆಲ ಸೇರಿತು. ಮನಸ್ಸು ಸೇರಿಸುವ ಕೆಲಸ ನಮ್ಮದಾಗಿತ್ತು. ನಾವು ಏನು ಮಾಡಿದೆವು?

1994ರ ಅಕ್ಟೋಬರ್ 2ರಂದು ಬೆಂಗಳೂರು ದೂರದರ್ಶನ ಹತ್ತು ನಿಮಿಷದ ಉರ್ದು ವಾರ್ತೆ ಆರಂಭಿಸಿತು. ಊರು ಹೊತ್ತಿ ಉರಿಯಿತು. 20ಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ವಾರ್ತೆ ನಿಂತಿತು. ಅದೇ ಟೀವಿಯಲ್ಲಿ ದೆಹಲಿಯಿಂದ ಗಂಟೆಗಟ್ಟಲೆ ಹಿಂದಿ ಹರಿದು ಬರುತ್ತಿತ್ತು, ಅದು ನಿಂತಿತೇ? ಒಂದು ನಿಮಿಷವೂ ಕಡಿಮೆಯಾಗಲಿಲ್ಲ. ಪಕ್ಕದ ಓಣಿಯ ಬಡವನ ಹತ್ತು ನಿಮಿಷ ನಮ್ಮ ಕಣ್ಣಿಗೆ ಚುಚ್ಚಿತು, ದೆಹಲಿಯ ಇಡೀ ಸಂಜೆ ಚುಚ್ಚಲಿಲ್ಲ. ಆ ಉರಿಯಲ್ಲಿ ಶಿವಾಜಿನಗರದ ಹುಡುಗನಿಗೆ ಕನ್ನಡವೆಂದರೆ ಕಲ್ಲು ಎಂಬ ಪಾಠವಾಯಿತು. ಅದನ್ನು ಮರೆಸಲು ಒಳ್ಳೆಯ ಕನ್ನಡ ನಗು ಬೇಕಾಗಿತ್ತು. ನಾವು ಕೊಡಲಿಲ್ಲ.

ಹಲಸೂರು ಕೆರೆಯ ಹತ್ತಿರ 1991ರಲ್ಲಿ ನಿಲ್ಲಿಸಿದ ತಿರುವಳ್ಳುವರ್ ಪ್ರತಿಮೆ 18 ವರ್ಷ ಮುಸುಕು ಹಾಕಿಕೊಂಡೇ ನಿಂತಿತ್ತು. 2009ರ ಆಗಸ್ಟಿನಲ್ಲಿ ಮುಸುಕು ತೆಗೆದರು, ಚೆನ್ನೈನಲ್ಲಿ ಸರ್ವಜ್ಞನೂ ಎದ್ದು ನಿಂತ. ಆ 18 ವರ್ಷ ನಾವು ಒಂದು ಕಲ್ಲಿನ ಮುದುಕನನ್ನು ಕಾವಲು ಕಾಯುತ್ತಿದ್ದಾಗ ಕೇಬಲ್ಲಿನವನು ಪ್ರತಿ ಮನೆಯೊಳಗೆ ತಂತಿ ಎಳೆದು ಮುಗಿಸಿದ್ದ. ಪ್ರತಿಮೆಯ ಮುಸುಕಿನ ಮೇಲೆ ಇಟ್ಟ ಕಣ್ಣನ್ನು ಆ ತಂತಿಯ ಮೇಲೆ ಇಟ್ಟಿದ್ದರೆ!

ಡಬ್ಬಿಂಗ್ ವಿಚಾರವೂ ಹಾಗೆಯೇ. 1960ರ ದಶಕದಲ್ಲಿ ಅನಕೃ, ಮ. ರಾಮಮೂರ್ತಿಗಳಂಥವರು ಡಬ್ಬಿಂಗ್ ಬೇಡವೆಂದಾಗ ಅದಕ್ಕೆ ಕಾರಣವಿತ್ತು. ಆಗ ಕನ್ನಡ ಚಿತ್ರರಂಗ ಮದರಾಸಿನ ಸ್ಟುಡಿಯೋಗಳ ಮೂಲೆಯಲ್ಲಿ ತೆವಳುವ ಕೂಸು. ಆ ಬೇಲಿ ಕೂಸನ್ನು ಕಾಪಾಡಿತು. ಆದರೆ ಬೇಲಿಯೊಳಗಿನ ಕೂಸು ಬೆಳೆದು ಕೆಲಸ ಮಾಡಬೇಕಿತ್ತಲ್ಲ? ಬೇಲಿಯೊಳಗೆ ಕೂತು ರೀಮೇಕು ಮಾಡಿತು. 2015ರಲ್ಲಿ ಸ್ಪರ್ಧಾ ಆಯೋಗ ವಾಣಿಜ್ಯ ಮಂಡಳಿ ಮುಂತಾದವರಿಗೆ ದಂಡ ಹಾಕಿತು, ಬೇಲಿ ಬಿತ್ತು. 2020ರ ಲಾಕ್‌ಡೌನಿನಲ್ಲಿ ಡಬ್ಬಿಂಗ್ ಮಹಾಭಾರತ ಬಂತು. ಅಂಬೇಡ್ಕರರ ಕಥೆ 'ಮಹಾನಾಯಕ'ವಾಗಿ ಬಂದಾಗ ಹಳ್ಳಿ ಹಳ್ಳಿಗಳಲ್ಲಿ ಜನ ಫ್ಲೆಕ್ಸ್ ಕಟ್ಟಿ ನೋಡಿದರು. ಜನರ ಬಾಯಾರಿಕೆ ಅಷ್ಟಿತ್ತು. ನಾವು ಬಾವಿ ತೋಡಲಿಲ್ಲ, ಪಕ್ಕದೂರಿನ ಟ್ಯಾಂಕರ್ ಬಂತು. ಟ್ಯಾಂಕರನ್ನು ಬೈದು ಫಲವೇನು?

ಇಷ್ಟರ ನಡುವೆ ಬಾವಿ ತೋಡುವವರೂ ಇದ್ದಾರೆ. 2020ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಸಂಸ್ಥೆ 'ಫ್ರೆಂಚ್ ಬಿರಿಯಾನಿ' ಎಂಬ ಚಿತ್ರ ಮಾಡಿತು. ಪನ್ನಗ ಭರಣ ನಿರ್ದೇಶನ. ಶಿವಾಜಿನಗರದ ಆಟೋ ಚಾಲಕ ಅಸ್ಗರ್ ಆಗಿ ದಾನಿಶ್ ಸೇಠ್. ಅವನ ಕನ್ನಡ ಪಠ್ಯಪುಸ್ತಕದ್ದಲ್ಲ, ಬಿರಿಯಾನಿ ಹೋಟೆಲಿನ ಮುಂದೆ ಆಟೋ ಹಾಕಿಕೊಂಡು ಆಡುವ ಕನ್ನಡ. ಚಿತ್ರದಲ್ಲಿ ಕೊರತೆ ಇದೆ, ಕೆಲವು ಕಡೆ ಗದ್ದಲವೇ ಜಾಸ್ತಿ. ಆದರೆ ರಾಜ್‌ಕುಮಾರ್ ಮಗನ ಮನೆಯಿಂದ ಶಿವಾಜಿನಗರದ ಮುಸಲ್ಮಾನ ಹುಡುಗನ ಕನ್ನಡಕ್ಕೆ ನಾಯಕನ ಕುರ್ಚಿ ಸಿಕ್ಕಿತು. ಇದು ಸಣ್ಣ ಸಂಗತಿಯಲ್ಲ.

ಹಾಗಿದ್ದರೆ ಧಾರಾವಾಹಿಗೆ ಏನಡ್ಡಿ? 'ಏಕಂ' ಕಥೆ ಕೇಳಿ. ಏಳು ಕಥೆಗಳ ಕನ್ನಡ ಸರಣಿ, ಬೆನ್ನಿಗೆ ರಕ್ಷಿತ್ ಶೆಟ್ಟಿಯಂಥ ಹೆಸರಾಂತ ನಟನ ಸಂಸ್ಥೆ. ಯಾವ ದೊಡ್ಡ ಓಟಿಟಿ ಕಂಪನಿಯೂ ಮುಟ್ಟಲಿಲ್ಲ. ಕೊನೆಗೆ 2024ರ ಜುಲೈನಲ್ಲಿ ತಾವೇ ಸ್ವಂತ ತಾಣ ಕಟ್ಟಿ, ಟಿಕೆಟ್ಟು ಹರಿದಂತೆ ದುಡ್ಡು ತೆಗೆದುಕೊಂಡು ತೋರಿಸಬೇಕಾಯಿತು. ಬೆಂಗಳೂರಿನ ಜೇಬಿನಿಂದ ತಿಂಗಳು ತಿಂಗಳು ಚಂದಾ ಎಣಿಸಿಕೊಳ್ಳುವ ಕಂಪನಿಗಳಿಗೆ ಕನ್ನಡದ ಏಳು ಕಥೆ ಭಾರವಾಯಿತು! 2025ರಲ್ಲಿ ಝೀ5ನವರು 'ಅಯ್ಯನ ಮನೆ', 'ಶೋಧ', 'ಮಾರಿಗಲ್ಲು' ಎಂದು ಒಂದರ ಹಿಂದೊಂದು ತಂದದ್ದು ಒಳ್ಳೆಯ ಬೆಳವಣಿಗೆ, ಮೆಚ್ಚಬೇಕು. 'ಅಯ್ಯನ ಮನೆ'ಯಲ್ಲಿ ಸೊಸೆಯರು ಸಾಯುತ್ತಾರೆ, ಮನೆ ಕತ್ತಲಾಗಿದೆ. ಕತ್ತಲು ಬಂತು, ಸರಿ. ಆ ಕತ್ತಲಲ್ಲಿ ನಗುವವರು ಬರಬೇಕು.

ನನ್ನ ಕೈಗೆ ಅಂಥ ಧಾರಾವಾಹಿ ಕೊಟ್ಟರೆ ಯಾರ ಮನೆ ತೋರಿಸುತ್ತೇನೆ ಗೊತ್ತೇ? ಬೇರೆಯವರದಲ್ಲ, ನಮ್ಮದೇ. ಅಮೆರಿಕದಲ್ಲಿ 1971ರಲ್ಲಿ 'ಆಲ್ ಇನ್ ದ ಫ್ಯಾಮಿಲಿ' ಎಂಬುದು ಬಂತು. ಅದರ ಯಜಮಾನ ಆರ್ಚಿ ಬಂಕರ್ ಕರಿಯರನ್ನು, ಯಹೂದಿಗಳನ್ನು, ಹೊರಗಿನವರನ್ನು ದಿನಾ ಬೈಯುವ ಕುರ್ಚಿವೀರ. ಜನ ಅವನನ್ನು ನೋಡಿ ನಕ್ಕರು, ಕೆಲವರು ತಮ್ಮನ್ನೇ ನೋಡಿಕೊಂಡರು. ನಮ್ಮ ಆರ್ಚಿ ಕೆ.ಆರ್. ಪುರದ ದೂರವಾಣಿನಗರದಲ್ಲಿದ್ದಾನೆ. ಐಟಿಐ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಮನೆ ಮುಂದೆ ಹಳದಿ ಕೆಂಪು ಬಾವುಟ. ನವೆಂಬರ್ ಬಂದರೆ ಧ್ವನಿವರ್ಧಕ. ಪಕ್ಕದ ಮನೆಯ ಬಿಹಾರದ ಹುಡುಗನಿಗೆ "ಕನ್ನಡ ಕಲಿಯಪ್ಪ" ಎಂದು ದಿನಾ ಗದರುತ್ತಾನೆ. ಅವನ ಸ್ವಂತ ಮೊಮ್ಮಗಳು "ತಾತಾ, ವಾಟ್ ಈಸ್ ತೊಂಬತ್ತೊಂಬತ್ತು?" ಎಂದು ಕೇಳುತ್ತಾಳೆ. ತಾತ ಮಾತಾಡದೆ ಎದ್ದು ಹೋಗಿ ಬಾವುಟದ ಹಗ್ಗ ಬಿಗಿ ಮಾಡುತ್ತಾನೆ. ಆ ಮೊಮ್ಮಗಳಿಗೆ ಲೆಕ್ಕ ಹೇಳಿಕೊಡುವವನು ಬಿಹಾರದ ಹುಡುಗ, ತಪ್ಪು ತಪ್ಪು ಕನ್ನಡದಲ್ಲಿ.

ನಗು ಬಂತೇ? ನನಗೆ ಬರೆಯುವಾಗ ಬಂತು. ಆಮೇಲೆ ನನ್ನ ಮನೆಯ ಶಾಲಾ ಫೀ ರಸೀದಿ ನೆನಪಾಗಿ ನಿಂತುಹೋಯಿತು. ಅದೂ ಇಂಗ್ಲಿಷಿನಲ್ಲಿದೆ.

ಓದುಗರೇ, ಸುಮ್ಮನೆ ಕೂರಬೇಡಿ. ಚಾನೆಲ್ಲುಗಳ ಬೆಂಗಳೂರು ಕಚೇರಿಗಳಿಗೆ ಕಾಗದ ಬರೆಯಿರಿ, ಮಿಂಚಂಚೆ ಕಳಿಸಿ. ವಾರಕ್ಕೆ ಅರ್ಧ ಗಂಟೆ ಎರವಲಲ್ಲದ ಕನ್ನಡ ಹಾಸ್ಯಕ್ಕೆ ಕೊಡಿ ಎಂದು ಕೇಳಿ. ಓಟಿಟಿಗೆ ಚಂದಾ ಕಟ್ಟುವವರು ಕನ್ನಡದ ಸರಣಿ ಎಲ್ಲಿ ಎಂದು ಕೇಳದೆ ಮುಂದಿನ ವರ್ಷದ ಚಂದಾ ಕಟ್ಟಬೇಡಿ. ಬರೆಯುವ ಹುಡುಗರು ಸಂಪಿಗೆ ಮರದ ಕೆಳಗಿನ ಪ್ರೇಮ ಬಿಟ್ಟು ಮರ್ಫಿ ಟೌನ್, ಕಾಕ್ಸ್ ಟೌನ್, ತಿಮ್ಮಯ್ಯ ರಸ್ತೆಯ ಮನೆಗಳಲ್ಲಿ ಒಂದು ಸಂಜೆ ಕೂತು ಬನ್ನಿ. ದಾಯಾದಿ ಜಗಳವನ್ನು ಹಾಗೇ ಬರೆದುಕೊಳ್ಳಿ. ಹೆಸರು ಮಾತ್ರ ಬದಲಿಸಿ, ಇಲ್ಲದಿದ್ದರೆ ಏಟು ಬೀಳುತ್ತದೆ.

ಕಳೆದ ವಾರ ನಾನು ಮತ್ತೆ ಆ ಐದನೆಯ ಮನೆಗೆ ಹೋಗಿದ್ದೆ. ಇ-ಖಾತಾ ಇನ್ನೂ ಆಗಿಲ್ಲ. ಅಪ್ಪ ಮಗ ಮಾತು ಬಿಟ್ಟಿದ್ದಾರೆ. ಒಂದೇ ಕೋಣೆಯಲ್ಲಿ ಆ ಗೋಡೆಗೆ ಒಬ್ಬ, ಈ ಗೋಡೆಗೆ ಒಬ್ಬ. ಅಪ್ಪ ತಮಿಳಿನಲ್ಲಿ ಬೈದದ್ದನ್ನು ಅಮ್ಮ ನಡುವೆ ನಿಂತು, ಒಂದಿಷ್ಟು ಮೆತ್ತಗೆ ಮಾಡಿ, ಕನ್ನಡದಲ್ಲಿ ಮಗನಿಗೆ ಹೇಳುತ್ತಿದ್ದರು.

"ಏನಂದ ಮುದುಕ?" ಎಂದ ಮಗ.

"ಊಟ ಮಾಡ್ಬೇಕಂತೆ ಕಣೋ, ತಣ್ಣಗಾಗತ್ತೆ ಅಂತಾರೆ" ಎಂದರು ಅಮ್ಮ.